ವಿನಯ ಕಲಿಸಿದ ಮಾಸ್ತರರು: ಪಂಜೆ ಮಂಗೇಶರಾಯರು

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬುವ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ನನ್ನನ್ನು ಕೇಳಿದರು. ವಿಷಯವನ್ನೂ ಅವರೇ ಸೂಚಿಸಿದರು. ಇಂದಿನ ಸಮಾಜದಲ್ಲಿ ಸೌಜನ್ಯ, ಸಭ್ಯತೆ, ನಯವಿನಯಗಳು ಕಡಿಮೆಯಾಗುತ್ತಿವೆ, ಅದರ ಕುರಿತು ಹೊಸ ತಲೆಮಾರಿನವರಿಗೆ ನಾಲ್ಕು ಮಾತು ಹೇಳಬೇಕು ಎಂಬುದು ಅವರ ಅಪೇಕ್ಷೆ. ಕನ್ನಡ ಅಧ್ಯಾಪಕನಾಗಿ ಇದೇ ಶಾಲೆಯಿಂದ ನಿವೃತ್ತನಾದ ನನಗೆ ಇದು ಸುಲಭದ ಕೆಲಸವೆಂದು ಅವರು ತಿಳಿದಿರಬೇಕು. ನಾನೂ ಹಾಗೆಯೇ ತಿಳಿದು ಒಪ್ಪಿಕೊಂಡೆ. ಬರೆಯಲು ಕುಳಿತ ಮೇಲೆ ಪೆನ್ನು ಮುಂದೆ ಹೋಗಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ದೂರುಗಳಿಗೇನೂ ಕೊರತೆಯಿಲ್ಲ. ಆದಿ ಉಡುಪಿಯಿಂದ ಮಲ್ಪೆಗೆ ಹೋಗುವ ಬಸ್ಸಿನಲ್ಲಿ ಚೀಲ ಹಿಡಿದುಕೊಂಡು ತೂಗಾಡುತ್ತ ನಿಂತ ಅಜ್ಜಿಯ ಎದುರಿನಲ್ಲೇ ಹುಡುಗರು ಮೊಬೈಲಿನಲ್ಲಿ ಮುಳುಗಿ ಕುಳಿತಿರುತ್ತಾರೆ. ಕರಾವಳಿ ಜಂಕ್ಷನ್ನಿನಲ್ಲಿ ಮುಂದಿನ ವಾಹನ ಒಂದು ಕ್ಷಣ ತಡೆದರೆ ಹಿಂದಿನವರು ಹಾರ್ನಿನ ಮೇಲಿಟ್ಟ ಕೈ ತೆಗೆಯುವುದಿಲ್ಲ. ಮದುವೆ ಹಾಲಿನಲ್ಲಿ ನಾವು ಇನ್ನೂ ಸಾರನ್ನ ಉಣ್ಣುತ್ತಿರುವಾಗಲೇ ಮುಂದಿನ ಪಂಕ್ತಿಯವರು ನಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತಿರುತ್ತಾರೆ. ಮನೆಗೆ ಬಂದವರಿಗೆ ಮೊದಲು ಬೆಲ್ಲ ನೀರು ಕೊಟ್ಟು, ಆಮೇಲೆ ಬಂದ ವಿಷಯ ಕೇಳುವುದು ನಮ್ಮ ಕಡೆಯ ಕ್ರಮ. ಈಗ ಕೆಲವು ಮನೆಗಳಲ್ಲಿ ಟಿ.ವಿ.ಯ ಸ್ವರ ತಗ್ಗಿಸುವುದೂ ಇಲ್ಲ. ಹೊರಡುವಾಗ ಹೋಗುತ್ತೇನೆ ಎನ್ನದೆ ಬರುತ್ತೇನೆ ಎನ್ನಬೇಕೆಂದು ನಮಗೆ ಅಮ್ಮ ಹೇಳಿಕೊಟ್ಟಿದ್ದರು. ಈಗ ಅದನ್ನು ಹೇಳಿಕೊಡುವವರೂ ಕಡಿಮೆ, ಹೇಳುವವರೂ ಕಡಿಮೆ.

ಇದಕ್ಕೆಲ್ಲ ಯಾರು ಕಾರಣ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಡೆ ಬೆರಳು ತೋರಿಸುತ್ತಾರೆ. ತಂದೆತಾಯಿಯರನ್ನು ಕೇಳಿದರೆ ಶಾಲೆಯಲ್ಲಿ ಕಲಿಸುವುದಿಲ್ಲ ಎನ್ನುತ್ತಾರೆ. ಮಾಸ್ತರರನ್ನು ಕೇಳಿದರೆ ಮನೆಯಲ್ಲಿ ಸಂಸ್ಕಾರವಿಲ್ಲ ಎನ್ನುತ್ತಾರೆ. ಮನೆಯವರು ಮೊಬೈಲನ್ನು ದೂರುತ್ತಾರೆ, ಮಕ್ಕಳು ಅಪ್ಪನೂ ಊಟದ ಹೊತ್ತಿಗೆ ಮೊಬೈಲು ನೋಡುತ್ತಾರಲ್ಲ ಎನ್ನುತ್ತಾರೆ. ಈ ಸರಪಳಿಯನ್ನು ಯೋಚಿಸುತ್ತಿದ್ದಾಗ ನನಗೆ ನೆನಪಾದದ್ದು ಚಿಕ್ಕಂದಿನಲ್ಲಿ ಕೇಳಿದ ಒಂದು ಕಥೆ. ಸಿಗಡಿ ಯಾಕೆ ಒಣಗಲಿಲ್ಲ ಎಂಬುದು ಅದರ ಹೆಸರು. ನಮ್ಮ ಕಡೆಯ ತುಳುವಿನಲ್ಲಿ ಎಟ್ಟಿ ಎನ್ನುವ ಮೀನನ್ನು ಬಿಸಿಲಿಗೆ ಹಾಕಿದ್ದಾರೆ, ಅದು ಒಣಗಿಲ್ಲ. ಯಾಕೆ ಒಣಗಲಿಲ್ಲ ಎಂಬ ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತ ಹೋಗುತ್ತದೆ. ಪ್ರತಿಯೊಬ್ಬರೂ ಕಾರಣವನ್ನು ಮುಂದಿನವರ ಮೇಲೆ ಹಾಕಿ ತಾವು ಜಾರಿಕೊಳ್ಳುತ್ತಾರೆ. ಆ ಕಥೆಯನ್ನು ಕನ್ನಡದ ಮಕ್ಕಳಿಗೆ ಬರೆದುಕೊಟ್ಟವರು ಪಂಜೆ ಮಂಗೇಶರಾಯರು. ಸೌಜನ್ಯದ ಬಗ್ಗೆ ನನ್ನ ಉಪದೇಶಕ್ಕಿಂತ ಅವರ ಜೀವನವೇ ಹೆಚ್ಚು ಹೇಳುತ್ತದೆ ಎನಿಸಿತು. ಆದ್ದರಿಂದ ಈ ಪುಟಗಳಲ್ಲಿ ಅವರ ಕಥೆಯನ್ನೇ ಹೇಳುತ್ತೇನೆ.

ಪಂಜೆಯವರು ಹುಟ್ಟಿದ್ದು 1874ರ ಫೆಬ್ರವರಿ 22ರಂದು, ನೇತ್ರಾವತಿ ದಡದ ಬಂಟ್ವಾಳದಲ್ಲಿ. ತಂದೆ ರಾಮಪ್ಪಯ್ಯ, ತಾಯಿ ಸೀತಮ್ಮ. ಹಿರಿಯರ ಮೂಲ ಸುಬ್ರಹ್ಮಣ್ಯದ ಕಡೆಯ ಪಂಜ. ಆ ಊರಿನ ಹೆಸರೇ ಮನೆತನದ ಹೆಸರಾಯಿತು. ಮನೆಯಲ್ಲಿ ಸಿರಿತನವಿರಲಿಲ್ಲ. ಬಂಟ್ವಾಳದಲ್ಲಿ ಆರಂಭದ ಓದು, ಮುಂದೆ ಮಂಗಳೂರು. ಮನೆಯಲ್ಲಿ ಆಡುವ ಮಾತು ಕೊಂಕಣಿ, ಬೀದಿಗೆ ಇಳಿದರೆ ತುಳು, ಪುಸ್ತಕದಲ್ಲಿ ಕನ್ನಡ, ಪರೀಕ್ಷೆಗೆ ಇಂಗ್ಲಿಷ್. ಆಗ ನಮ್ಮ ಜಿಲ್ಲೆ ದಕ್ಷಿಣ ಕನ್ನಡವೆಂಬ ಹೆಸರಿನಲ್ಲಿ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ನಮ್ಮ ಉಡುಪಿ ಅದರ ಒಂದು ತಾಲೂಕು. ಹೀಗೆ ನಾಲ್ಕು ಭಾಷೆಗಳ ನಡುವೆ ಬೆಳೆದ ಹುಡುಗನಿಗೆ ಒಂದು ಭಾಷೆ ಮೇಲು, ಇನ್ನೊಂದು ಕೀಳು ಎಂಬ ಭಾವನೆ ಬರಲೇ ಇಲ್ಲ. ಎದುರಿನವನ ಭಾಷೆಗೆ ಮರ್ಯಾದೆ ಕೊಡುವುದು ಎದುರಿನವನಿಗೆ ಮರ್ಯಾದೆ ಕೊಡುವುದರ ಮೊದಲ ಮೆಟ್ಟಿಲು. ಅವರ ಮುಂದಿನ ಬದುಕಿನಲ್ಲಿ ಇದನ್ನು ಮತ್ತೆ ಮತ್ತೆ ಕಾಣಬಹುದು.

ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಅವರು ಕನ್ನಡ ಪಂಡಿತರಾಗಿ ಕೆಲಸಕ್ಕೆ ಸೇರಿದರು. ಆ ಕಾಲದ ಇಂಗ್ಲಿಷ್ ವಿದ್ಯಾಶಾಲೆಗಳಲ್ಲಿ ಕನ್ನಡ ಪಂಡಿತರ ಸ್ಥಾನ ದೊಡ್ಡದೇನೂ ಆಗಿರಲಿಲ್ಲ. ಸಂಬಳ ಕಡಿಮೆ, ಗೌರವ ಅದಕ್ಕಿಂತ ಕಡಿಮೆ. ಹುಡುಗರ ಗೇಲಿಗೆ ಸುಲಭವಾಗಿ ಸಿಗುವವರು ಪಂಡಿತರೇ. ಪಂಜೆಯವರು ಅಂಥ ಕುರ್ಚಿಯಲ್ಲಿ ಕುಳಿತು ಆ ಕುರ್ಚಿಗೆ ಘನತೆ ತಂದರು. ಗದರಿಸಿ ತಂದ ಘನತೆ ಅದಲ್ಲ. ಹಾಸ್ಯ, ಹಾಡು, ಕಥೆಗಳಿಂದ ತಂದದ್ದು. ಮಂಜೇಶ್ವರದ ಗೋವಿಂದ ಪೈಗಳು ಮಂಗಳೂರಿನಲ್ಲಿ ಓದುತ್ತಿದ್ದಾಗ ಅವರಿಗೆ ಪಂಜೆಯವರು ಗುರುಗಳಾಗಿದ್ದರು. ಮುಂದೆ 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿ ಎನಿಸಿಕೊಂಡ ದೊಡ್ಡ ವಿದ್ವಾಂಸರು ಇವರೇ. ಒಬ್ಬ ಗುರುವಿನ ಯೋಗ್ಯತೆಯನ್ನು ಶಿಷ್ಯನಿಂದ ಅಳೆಯುವುದಾದರೆ ಇದಕ್ಕಿಂತ ಹೆಚ್ಚಿನ ಅಳತೆ ಬೇಡ.

1900ರ ಹೊತ್ತಿಗೆ ಬೆನಗಲ್ ರಾಮರಾಯರು ಮಂಗಳೂರಿನಿಂದ ಸುವಾಸಿನಿ ಎಂಬ ಮಾಸಪತ್ರಿಕೆಯನ್ನು ಹೊರಡಿಸುತ್ತಿದ್ದರು. ಪಂಜೆಯವರ ಸಣ್ಣ ಕಥೆಗಳು ಅದರಲ್ಲಿ ಬಂದವು. ನನ್ನ ಚಿಕ್ಕತಾಯಿ, ಕಮಲಾಪುರದ ಹೊಟ್ಲಿನಲ್ಲಿ ಮುಂತಾದ ಆ ಬರಹಗಳು ಕನ್ನಡದ ಮೊತ್ತಮೊದಲ ಸಣ್ಣ ಕಥೆಗಳ ಸಾಲಿಗೆ ಸೇರಿವೆ. ಅವುಗಳಲ್ಲಿ ನಗೆ ತುಂಬಿದೆ. ಆದರೆ ಬಲಹೀನರನ್ನು ಕೆಡವಿ ನಗುವ ನಗೆ ಅದಲ್ಲ. ಹೆಚ್ಚಿನ ಕಡೆ ಕಥೆ ಹೇಳುವವನೇ ಪೆಚ್ಚಾಗುತ್ತಾನೆ. ತನ್ನನ್ನು ಮೊದಲು ನಗೆಗೆ ಒಡ್ಡಿಕೊಂಡು ಆಮೇಲೆ ಲೋಕವನ್ನು ನೋಡಿ ನಗುವುದು ಹಾಸ್ಯದಲ್ಲಿನ ಸೌಜನ್ಯ. ಅವರು ಇಟ್ಟುಕೊಂಡ ಕಾವ್ಯನಾಮವೂ ಹಾಗೆಯೇ. ಕವಿರಾಜ, ಕವಿಶೇಖರ ಎಂದೆಲ್ಲ ಬಿರುದು ಕಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ ಅವರು ಕವಿಶಿಷ್ಯ ಎಂಬ ಹೆಸರನ್ನು ಆರಿಸಿಕೊಂಡರು. ತಾನು ಕವಿಗಳ ಶಿಷ್ಯ, ಅಷ್ಟೇ. ಹರಟೆಗಳಿಗೆ ಹರಟೆಮಲ್ಲ ಎಂಬ ಇನ್ನೊಂದು ಹೆಸರಿತ್ತು.

ಮುಂದೆ ಅವರು ಶಿಕ್ಷಕ ತರಬೇತಿ ಪಡೆದು ಶಾಲೆಗಳ ಸಬ್ ಅಸಿಸ್ಟೆಂಟ್ ಇನ್‌ಸ್ಪೆಕ್ಟರರಾದರು. ಹಳೆಯ ಮಾಸ್ತರರಿಗೆ ಇನ್‌ಸ್ಪೆಕ್ಟರ್ ಎಂಬ ಶಬ್ದದ ಭಾರ ಗೊತ್ತು. ಅನುದಾನದಿಂದ ನಡೆಯುವ ಹಳ್ಳಿಯ ಶಾಲೆಗಳಿಗೆ ಅವರ ವರದಿಯೇ ಅನ್ನ. ವರದಿ ಕೆಟ್ಟರೆ ಅನುದಾನ ಹೋಯಿತು, ಅನುದಾನ ಹೋದರೆ ಮಾಸ್ತರರ ಒಲೆ ಆರಿತು. ಆದ್ದರಿಂದ ಇನ್‌ಸ್ಪೆಕ್ಟರರು ಬರುತ್ತಾರೆಂದರೆ ಅಂಗಳಕ್ಕೆ ಸೆಗಣಿ ಸಾರಿಸಿ, ಮಕ್ಕಳಿಗೆ ಉತ್ತರ ಬಾಯಿಪಾಠ ಮಾಡಿಸಿ, ಎಳನೀರು ಇಳಿಸಿಟ್ಟು ಕಾಯುತ್ತಿದ್ದರು. ಮಕ್ಕಳಂತೂ ಗುಮ್ಮ ಬಂದ ಹಾಗೆ ನಡುಗುತ್ತಿದ್ದರು. ಹೊಳೆಗಳಿಗೆ ಸರಿಯಾದ ಸೇತುವೆಗಳಿಲ್ಲದ ಕಾಲ. ಕಡವಿನಲ್ಲಿ ದೋಣಿ ದಾಟಿ, ಎತ್ತಿನ ಗಾಡಿಯಲ್ಲಿ ಕುಳಿತು, ಗದ್ದೆಯ ಹುಣಿಯಲ್ಲಿ ನಡೆದು ಶಾಲೆ ತಲುಪಬೇಕು. ಅಷ್ಟು ದಣಿದು ಬಂದ ಅಧಿಕಾರಿಗೆ ಸಿಟ್ಟು ಬಂದರೆ ಆಶ್ಚರ್ಯವಿಲ್ಲ.

ಪಂಜೆಯವರನ್ನು ಆ ಕೆಲಸದಲ್ಲಿ ಕಂಡವರು ನೆನಪಿಟ್ಟುಕೊಂಡದ್ದು ಬೇರೆಯೇ ರೀತಿಯಲ್ಲಿ. ಅವರು ತಪ್ಪು ಹುಡುಕಲು ಬಂದ ಅಧಿಕಾರಿಯ ಹಾಗೆ ನಡೆದುಕೊಳ್ಳಲಿಲ್ಲ. ಮಕ್ಕಳೊಡನೆ ಬೆರೆತು ಕಥೆ ಹೇಳಿದರು, ಹಾಡು ಹೇಳಿ ಹೇಳಿಸಿದರು, ಪಾಠ ಹೇಗೆ ಮಾಡಬೇಕೆಂಬುದನ್ನು ತಾವೇ ಮಾಡಿ ತೋರಿಸಿದರು. ಅಧಿಕಾರವಿದ್ದವನು ಬಾಗಿದರೆ ಅದು ನಿಜವಾದ ವಿನಯ. ಅಧಿಕಾರವಿಲ್ಲದವನು ಬಾಗುವುದು ಹಲವು ಸಲ ಹೆದರಿಕೆಯಷ್ಟೇ. ಈ ಎರಡರ ವ್ಯತ್ಯಾಸವನ್ನು ನಾವು ಮರೆತಿದ್ದೇವೆ. ಮಕ್ಕಳು ಎದ್ದು ನಿಂತು ಕೈಮುಗಿದರೆ ಸಭ್ಯತೆ ಉಳಿಯಿತು ಎಂದುಕೊಳ್ಳುತ್ತೇವೆ. ನಾವು ಮಕ್ಕಳಿಗೆ ಏನು ಕೊಟ್ಟೆವು ಎಂದು ಕೇಳಿಕೊಳ್ಳುವುದಿಲ್ಲ.

ಹೀಗೆ ಊರೂರು ಸುತ್ತುವಾಗಲೇ ಅವರಿಗೆ ಒಂದು ಕೊರತೆ ಕಣ್ಣಿಗೆ ಬಿದ್ದಿರಬೇಕು. ಮಕ್ಕಳ ಕೈಯಲ್ಲಿದ್ದ ಪುಸ್ತಕಗಳು ದೊಡ್ಡವರ ಪುಸ್ತಕಗಳ ತುಂಡುಗಳಂತಿದ್ದವು. ಮಕ್ಕಳ ನಾಲಿಗೆಗೆ ಹತ್ತದ ಪದಗಳು, ಮನಸ್ಸಿಗೆ ಹತ್ತದ ನೀತಿಗಳು. ಪಂಜೆಯವರು ಮಕ್ಕಳಿಗಾಗಿಯೇ ಹಾಡು, ಕಥೆ ಬರೆದರು. ಶಾಲೆಗಳಿಗೆ ಪದ್ಯ ಪುಸ್ತಕಗಳನ್ನು ಸಿದ್ಧಪಡಿಸಿದರು. ಮಂಗಳೂರಿನ ಬಾಲಸಾಹಿತ್ಯ ಮಂಡಲದ ಕೆಲಸದಲ್ಲಿ ಗೆಳೆಯರೊಡನೆ ಮುಂದೆ ನಿಂತರು. ಒಡ್ಡನ ಓಟ, ಗುಡುಗುಡು ಗುಮ್ಮಟ ದೇವರು, ಇಲಿಗಳ ಥಕಥೈ, ಹೇನು ಸತ್ತು ಕಾಗೆ ಬಡವಾಯಿತು ಎಂಬ ಹೆಸರುಗಳನ್ನು ಕೇಳಿದರೆ ಈಗಲೂ ನಮ್ಮ ವಯಸ್ಸಿನವರ ಮುಖ ಅರಳುತ್ತದೆ.

ಆ ಬರಹಗಳನ್ನು ಸೌಜನ್ಯದ ಕಣ್ಣಿನಿಂದ ಮತ್ತೊಮ್ಮೆ ನೋಡಿ. ನಾಗರಹಾವಿನ ಹಾಡನ್ನು ನಾವೆಲ್ಲ ಹೇಳಿದ್ದೇವೆ. ಅದರಲ್ಲಿ ಮಗು ಹಾವನ್ನು ಕಂಡು ಕಲ್ಲು ಎತ್ತುವುದಿಲ್ಲ. ಕೈ ಮುಗಿಯುತ್ತದೆ, ಹಾಲು ಕೊಡುತ್ತೇನೆ ಎನ್ನುತ್ತದೆ, ಅಣ್ಣ ಎಂದು ಕರೆಯುತ್ತದೆ. ಹೆದರಿಕೆ ಬಂದಾಗ ಹೋಗು ಎಂದು ಕೇಳಿಕೊಳ್ಳುತ್ತದೆ. ಕರೆಯುವುದೂ ಮರ್ಯಾದೆಯಿಂದ, ಕಳಿಸುವುದೂ ಮರ್ಯಾದೆಯಿಂದ. ವಿಷದ ಹಾವಿಗೂ ಅಣ್ಣನ ಸ್ಥಾನ ಸಿಕ್ಕಿದೆ. ನಾಗನಿಗೆ ತನು ಎರೆಯುವ ನಮ್ಮ ತುಳುನಾಡಿನ ಮಗುವಿಗೆ ಇದು ಸಹಜವಾದ ಮಾತು. ತೆಂಕಣ ಗಾಳಿಯ ಹಾಡಿನಲ್ಲಿ ಬೀಸಿ ಬರುವ ಗಾಳಿಯೂ ತುಂಟಾಟದ ಒಂದು ಜೀವ. ಇಂಥ ಹಾಡುಗಳನ್ನು ಹೇಳಿಕೊಂಡು ಬೆಳೆದ ಮಗುವಿಗೆ ಮರ್ಯಾದೆಯ ಪಾಠವನ್ನು ಬೇರೆಯಾಗಿ ಮಾಡಬೇಕಾಗಿಲ್ಲ. ಕರೆಯುವ ಮಾತಿನಲ್ಲೇ ಪಾಠ ಮುಗಿದಿರುತ್ತದೆ.

1920ರಲ್ಲಿ ಅವರು ಇನ್ನೊಂದು ದೊಡ್ಡ ಕೆಲಸ ಮಾಡಿದರು. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣ ಕನ್ನಡದ ಹಳೆಯ ವ್ಯಾಕರಣ ಗ್ರಂಥ. ಅದನ್ನು ಜರ್ಮನ್ ಪಾದ್ರಿ ಕಿಟ್ಟೆಲರು 1872ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಹೊರತಂದಿದ್ದರು. ಪಂಜೆಯವರು ಅದನ್ನು ಪರಿಷ್ಕರಿಸಿ ಮತ್ತೆ ಅಚ್ಚಿಗೆ ಕೊಟ್ಟರು. ಹಿಂದಿನವರ ಕೆಲಸವನ್ನು ತಿದ್ದುವುದೂ ಒಂದು ಪರೀಕ್ಷೆ. ಹಿಂದಿನವರನ್ನು ತಳ್ಳಿ ತಾನು ಎದ್ದು ನಿಲ್ಲುವವರೂ ಇದ್ದಾರೆ. ಪಂಜೆಯವರು ಕಿಟ್ಟೆಲರ ಕೆಲಸದ ಮೇಲೆ ನಿಂತು ಅದನ್ನು ಮುಂದುವರಿಸಿದರು. ಮಕ್ಕಳಿಗೆ ಸಿಗಡಿಯ ಕಥೆ ಬರೆದ ಕೈಯೇ ಪಂಡಿತರಿಗೆ ವ್ಯಾಕರಣವನ್ನು ತಿದ್ದಿಕೊಟ್ಟಿತು. ಮೊದಲನೆಯದು ಚಿಕ್ಕ ಕೆಲಸ, ಎರಡನೆಯದು ದೊಡ್ಡದು ಎಂಬ ಭೇದ ಅವರಲ್ಲಿರಲಿಲ್ಲ.

1924ರಲ್ಲಿ ಅವರ ಕೋಟಿಚೆನ್ನಯ ಬಂತು. ನಮ್ಮ ಓದುಗರಿಗೆ ಕೋಟಿ ಚೆನ್ನಯರನ್ನು ಪರಿಚಯಿಸಬೇಕಾಗಿಲ್ಲ. ನಮ್ಮ ಸುತ್ತಮುತ್ತಲಿನ ಗರಡಿಗಳಲ್ಲಿ ಇಂದಿಗೂ ಅವರಿಗೆ ನೇಮ ನಡೆಯುತ್ತದೆ. ಆದರೆ ನೂರು ವರ್ಷಗಳ ಹಿಂದೆ ಅವರ ಕಥೆ ಇದ್ದದ್ದು ತುಳು ಪಾಡ್ದನಗಳಲ್ಲಿ, ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರ ಮತ್ತು ದೈವದ ಚಾಕರಿಯವರ ಬಾಯಲ್ಲಿ. ಓದಿದವರು ಅದನ್ನು ಸಾಹಿತ್ಯವೆಂದು ಗಣಿಸುತ್ತಿರಲಿಲ್ಲ. ಕೊಂಕಣಿ ಮನೆಮಾತಿನ, ಸಾರಸ್ವತ ಕುಲದ ಈ ಮಾಸ್ತರರು ಬಿಲ್ಲವ ವೀರರ ತುಳು ಕಥೆಯನ್ನು ಕೇಳಿ, ಅದನ್ನು ಗಂಭೀರವಾದ ಕನ್ನಡ ಗದ್ಯದಲ್ಲಿ ಬರೆದರು. ಆ ಕಥೆಯ ತಿರುಳೂ ಮರ್ಯಾದೆಯ ಪ್ರಶ್ನೆಯೇ. ತಾಯಿ ದೇಯಿ ಬೈದೆತಿ ತನ್ನ ಮದ್ದಿನಿಂದ ಪಡುಮಲೆಯ ಬಲ್ಲಾಳನ ಜೀವ ಉಳಿಸಿದವಳು. ಅವಳ ಮಕ್ಕಳಿಗೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ. ಉಪಕಾರ ಮರೆತ ಅರಮನೆ, ಗದ್ದೆಯ ಬದುವಿನಲ್ಲಿ ಆದ ಅವಮಾನ, ಅದರಿಂದ ಹೊತ್ತಿದ ಜಗಳ, ಊರು ಬಿಟ್ಟು ಹೋಗುವುದು, ಕೊನೆಗೆ ರಣದಲ್ಲಿ ಬೀಳುವುದು. ಕೊಡಬೇಕಾದವರಿಗೆ ಕೊಡಬೇಕಾದ ಮರ್ಯಾದೆ ಕೊಡದಿದ್ದರೆ ಎಷ್ಟು ಮನೆಗಳು ಬೀಳುತ್ತವೆ ಎಂಬುದನ್ನು ನಮ್ಮ ನೆಲದ ಈ ಕಥೆಗಿಂತ ಚೆನ್ನಾಗಿ ಯಾವುದೂ ಹೇಳಲಾರದು.

ದಕ್ಷಿಣ ಕನ್ನಡದಿಂದ ಪಂಜೆಯವರು ಘಟ್ಟ ಹತ್ತಿ ಕೊಡಗಿಗೆ ಹೋದರು. ಆಗ ಕೊಡಗು ಬ್ರಿಟಿಷರ ಕೆಳಗೆ ಪ್ರತ್ಯೇಕ ಪ್ರಾಂತ್ಯ. ಮಡಿಕೇರಿಯ ಸೆಂಟ್ರಲ್ ಹೈಸ್ಕೂಲಿನಲ್ಲಿ ಅವರು ಮುಖ್ಯೋಪಾಧ್ಯಾಯರಾದರು. ಕಡಲ ಸೆಕೆಯಲ್ಲಿ ಬೆಳೆದವರಿಗೆ ಮಡಿಕೇರಿಯ ಚಳಿ, ಮಂಜು, ತಿಂಗಳುಗಟ್ಟಲೆ ಬಿಡದ ಮಳೆ. ಮಾತು ಬೇರೆ, ಉಡುಪು ಬೇರೆ, ಹಬ್ಬ ಬೇರೆ. ಹೊಸ ಊರಿಗೆ ಹೋದವರು ಸಾಮಾನ್ಯವಾಗಿ ಆ ಊರನ್ನು ತಮ್ಮ ಊರಿಗೆ ಹೋಲಿಸಿ ಕುಂದು ಹುಡುಕುತ್ತಾರೆ. ಪಂಜೆಯವರು ಆ ನಾಡಿನ ಚರಿತ್ರೆ, ಆಚಾರಗಳನ್ನು ತಿಳಿದುಕೊಂಡರು. ಅಲ್ಲಿನ ಸುಗ್ಗಿಯ ಹಬ್ಬವಾದ ಹುತ್ತರಿಯ ಮೇಲೆ ಒಂದು ಹಾಡು ಕಟ್ಟಿದರು. ಆ ಹಾಡನ್ನು ಕೊಡಗಿನವರು ತಮ್ಮ ನಾಡಗೀತೆಯಂತೆ ಇಂದಿಗೂ ಸಭೆಗಳಲ್ಲಿ ಹಾಡುತ್ತಾರೆ. ಹೊರಗಿನಿಂದ ಬಂದ ಒಬ್ಬ ಮಾಸ್ತರರ ಹಾಡನ್ನು ಒಂದು ನಾಡು ತನ್ನದೆಂದು ಒಪ್ಪಿಕೊಳ್ಳಬೇಕಾದರೆ ಆತ ಆ ನಾಡಿಗೆ ಎಷ್ಟು ಗೌರವ ಕೊಟ್ಟಿರಬೇಕು! ಅತಿಥಿಯಾಗಿ ಹೋದವನು ಮನೆಯವನಾದ ಕಥೆ ಇದು. ಕೆಲಸಕ್ಕೆಂದು ಬೆಂಗಳೂರು, ಮುಂಬಯಿ, ಗಲ್ಫ್ ಎಂದು ಹೋಗಿ ನೆಲೆಸಿರುವ ನಮ್ಮ ಹಳೆ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಹೊರ ಊರುಗಳಿಂದ ಕೆಲಸ ಹುಡುಕಿಕೊಂಡು ಮಲ್ಪೆ ಬಂದರಿಗೂ ನಮ್ಮ ಕಟ್ಟಡಗಳಿಗೂ ಬರುವ ಜನರನ್ನು ಹೇಗೆ ಕರೆಯುತ್ತೇವೆ, ಹೇಗೆ ಮಾತಾಡಿಸುತ್ತೇವೆ ಎಂಬುದನ್ನು ಊರಿನಲ್ಲಿರುವ ನಾವೂ ಗಮನಿಸಬೇಕು.

ನಿವೃತ್ತಿಯ ನಂತರ, 1934ರಲ್ಲಿ, ರಾಯಚೂರಿನಲ್ಲಿ ನಡೆದ 20ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಪಂಜೆಯವರನ್ನು ಅಧ್ಯಕ್ಷರನ್ನಾಗಿ ಆರಿಸಿದರು. ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿತ್ತು. ಮಹಾಕಾವ್ಯ ಬರೆದವರಲ್ಲ, ದೊಡ್ಡ ಹುದ್ದೆಯಲ್ಲಿದ್ದವರಲ್ಲ, ಮಕ್ಕಳ ಹಾಡಿನ ಮಾಸ್ತರರು. ಕನ್ನಡ ನಾಡು ಅವರನ್ನು ಕರೆದು ಮೇಲಿನ ಪೀಠದಲ್ಲಿ ಕೂರಿಸಿತು. ಮೂರು ವರ್ಷಗಳ ಬಳಿಕ, 1937ರ ಅಕ್ಟೋಬರಿನಲ್ಲಿ, ಅವರು ಹೈದರಾಬಾದಿನಲ್ಲಿ ತೀರಿಕೊಂಡರು. ವಯಸ್ಸು ಅರುವತ್ತಮೂರು.

ಇಷ್ಟು ಅವರ ಕಥೆ. ಇನ್ನು ನನ್ನ ಪೆನ್ನು ನಿಂತದ್ದೇಕೆ ಎಂದು ಹೇಳಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತು. ಅದು ಈ ಶಾಲೆಯಲ್ಲ, ಕಡಲ ಬದಿಯ ಬೇರೆ ಊರಿನ ಶಾಲೆ. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗ ದಿನವೂ ತಡವಾಗಿ ಬರುತ್ತಿದ್ದ. ಅವನ ತಾಯಿ ಒಣಮೀನು ಮಾರುವವರು. ಬೆಳಿಗ್ಗೆ ಮೀನು ಹರಡಿ, ಕಾಗೆ ಓಡಿಸಿ, ತಾಯಿಯನ್ನು ಸಂತೆಗೆ ಕಳಿಸಿ ಅವನು ಶಾಲೆಗೆ ಬರಬೇಕು. ಇದು ನನಗೆ ಆಮೇಲೆ ತಿಳಿಯಿತು. ಆಗ ನಾನು ಕೇಳಿರಲಿಲ್ಲ. ಒಂದು ದಿನ ಪಂಜೆಯವರ ವಿಷಯ ಹೇಳುತ್ತ ಸಿಗಡಿಯ ಕಥೆಯನ್ನು ತರಗತಿಗೆ ಹೇಳುತ್ತಿದ್ದೆ. ಅರ್ಧದಲ್ಲಿ ಅವನು ಬಾಗಿಲಿಗೆ ಬಂದು ನಿಂತ. ಅವನ ಅಂಗಿಯಿಂದ ಒಣಮೀನಿನ ವಾಸನೆ ಬಂತು. ಇವತ್ತು ನಿನ್ನ ಮನೆಯ ಸಿಗಡಿ ಯಾಕೆ ಒಣಗಲಿಲ್ಲ ಎಂದು ನಾನು ಅವನನ್ನು ಕೇಳಿದೆ. ತರಗತಿ ಇಡೀ ನಕ್ಕಿತು. ನಾನೂ ನಕ್ಕೆ. ಒಳ್ಳೆಯ ಹಾಸ್ಯ ಮಾಡಿದೆನೆಂದು ಆ ಸಂಜೆ ಶಿಕ್ಷಕರ ಕೊಠಡಿಯಲ್ಲಿ ಹೇಳಿಕೊಂಡೆ ಕೂಡ.

ಮರುದಿನ ಅವನು ಬರಲಿಲ್ಲ. ವಾರ ಕಳೆಯಿತು. ಹುಡುಗರ ಕೈಯಲ್ಲಿ ಹೇಳಿ ಕಳಿಸಿದೆ. ಬೋಟಿಗೆ ಸೇರಿದ್ದಾನೆ ಎಂಬ ಉತ್ತರ ಬಂತು. ಬಡತನಕ್ಕೆ ಓದು ಬಿಟ್ಟ ಎಂದು ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದುಹಾಕಿ ಸುಮ್ಮನಾದೆ. ಅಂದರೆ ನಾನೂ ಸಿಗಡಿ ಕಥೆಯವರ ಹಾಗೆ ಕಾರಣವನ್ನು ಮುಂದಿನವರ ಮೇಲೆ ಹಾಕಿದೆ. ಮಕ್ಕಳನ್ನು ಅರಳಿಸಲು ಪಂಜೆಯವರು ಬರೆದ ಕಥೆಯನ್ನು ನಾನು ಬೆತ್ತದ ಹಾಗೆ ಬಳಸಿದ್ದೆ. ನಾಗರಹಾವಿಗೂ ಕೈಮುಗಿಯುವ ಹಾಡನ್ನು ಅದೇ ತಿಂಗಳು ಅದೇ ಬಾಯಿಯಿಂದ ಹೇಳಿಕೊಟ್ಟಿದ್ದೆ.

ಎಷ್ಟೋ ವರ್ಷಗಳ ಮೇಲೆ, ನಾನು ಈ ಶಾಲೆಯಲ್ಲಿದ್ದಾಗ, ಪೋಷಕರ ಸಭೆಗೆ ಒಬ್ಬರು ಬಂದರು. ಮಗಳು ನಮ್ಮಲ್ಲಿ ಎಂಟನೆಯ ತರಗತಿಗೆ ಸೇರಿದ್ದಳು. ಚಪ್ಪಲಿಯನ್ನು ಜಗಲಿಯ ಕೆಳಗೆ ಬಿಟ್ಟು ಒಳಗೆ ಬಂದು ನನಗೆ ಕೈಮುಗಿದರು. ನಾನು ಗುರುತು ಹಿಡಿಯಲಿಲ್ಲ. ಅವರೇ ಊರು ಹೇಳಿದರು, ಶಾಲೆ ಹೇಳಿದರು. ನಾನು ಕುಳಿತುಕೊಳ್ಳುವ ತನಕ ಅವರು ಕುಳಿತುಕೊಳ್ಳಲಿಲ್ಲ. ಮಗಳನ್ನು ಕರೆದು, ಇವರು ತನಗೂ ಮಾಸ್ತರರಾಗಿದ್ದವರು, ಕಾಲು ಮುಟ್ಟಿ ನಮಸ್ಕಾರ ಮಾಡು ಎಂದರು. ನನ್ನ ತರಗತಿಯಲ್ಲಿ ಅವರು ಇದ್ದದ್ದು ಒಂದೇ ಮಳೆಗಾಲ. ಸಿಗಡಿಯ ಮಾತನ್ನು ಅವರು ಎತ್ತಲಿಲ್ಲ. ಮರೆತಿದ್ದರೋ, ನನ್ನ ಮಾನ ಉಳಿಸಿದರೋ ನನಗೆ ತಿಳಿಯಲಿಲ್ಲ. ನನ್ನ ಬಾಯಿಯಿಂದ ಕ್ಷಮೆಯ ಮಾತು ಹೊರಡಲಿಲ್ಲ. ಪಕ್ಕದಲ್ಲಿ ಇತರ ಅಧ್ಯಾಪಕರಿದ್ದರು, ಪೋಷಕರಿದ್ದರು, ಆ ಹುಡುಗಿ ಇದ್ದಳು. ಮಗಳ ಅಂಕಗಳ ಬಗ್ಗೆ ಮಾತಾಡಿ ಕಳಿಸಿಕೊಟ್ಟೆ. ಆ ಹುಡುಗಿ ಈಗ ನಮ್ಮ ಹಳೆ ವಿದ್ಯಾರ್ಥಿನಿ.

ಸೌಜನ್ಯ ಕಡಿಮೆಯಾಗುತ್ತಿದೆ ಎಂದು ಬರೆಯಲು ಕುಳಿತಾಗ ಎದುರಿಗೆ ಬಂದು ನಿಂತವರು ಇವರೇ. ಓದನ್ನು ಎಂಟನೆಯ ತರಗತಿಗೆ ಬಿಟ್ಟವರಲ್ಲಿ ಅದು ಪೂರ್ತಿ ಇತ್ತು. ಎಂ.ಎ. ಓದಿ ಪಾಠ ಹೇಳಿದ ನನ್ನಲ್ಲಿ ಅಂದು ಇರಲಿಲ್ಲ. ಹಾಗಾದರೆ ಯಾರನ್ನು ದೂರಲಿ? ಬಸ್ಸಿನಲ್ಲಿ ಅಜ್ಜಿಗೆ ಜಾಗ ಬಿಡದ ಹುಡುಗನಿಗೂ ಯಾರೋ ಒಬ್ಬ ದೊಡ್ಡವರು ಒಂದು ದಿನ ತುಂಬಿದ ತರಗತಿಯಲ್ಲಿ ಹಾಗೆ ಮಾತಾಡಿರಬಹುದು. ಅದು ಅವನ ತಪ್ಪಿಗೆ ಸಮರ್ಥನೆಯಲ್ಲ. ಆದರೆ ಮೇಲಿನಿಂದ ನೀರು ಹರಿಯದಿದ್ದರೆ ಕೆಳಗಿನ ಗದ್ದೆ ಒಣಗಿತೆಂದು ಕೆಳಗಿನವರನ್ನು ಬೈದು ಫಲವಿಲ್ಲ. ಪಂಜೆಯವರು ಇನ್‌ಸ್ಪೆಕ್ಟರರಾಗಿದ್ದಾಗ, ಮುಖ್ಯೋಪಾಧ್ಯಾಯರಾಗಿದ್ದಾಗ ಮೊದಲು ತಾವು ಬಾಗಿದರು. ಮಕ್ಕಳು ಆಮೇಲೆ ತಾವಾಗಿಯೇ ಬಾಗಿದರು.

ಸುವರ್ಣ ಮಹೋತ್ಸವಕ್ಕೆ ಹೊಸ ಕೊಠಡಿ, ಹೊಸ ರಂಗಮಂಟಪ ಎಂದು ಹಳೆ ವಿದ್ಯಾರ್ಥಿಗಳು ಉದಾರವಾಗಿ ಕೊಡುತ್ತಿದ್ದಾರೆ. ಅದು ಸಂತೋಷವೇ. ಅದರ ಜೊತೆಗೆ ಖರ್ಚಿಲ್ಲದ ಮೂರು ಕೆಲಸಗಳನ್ನು ನನ್ನ ಕಿರಿಯ ಅಧ್ಯಾಪಕ ಬಂಧುಗಳಲ್ಲಿ ವಿನಂತಿಸುತ್ತೇನೆ. ಪ್ರತಿಯೊಂದು ಮಗುವನ್ನೂ ಅದರ ಸರಿಯಾದ ಹೆಸರಿನಿಂದ ಕರೆಯಿರಿ, ಅಡ್ಡ ಹೆಸರು ಬೇಡ. ತಡವಾಗಿ ಬಂದ ಮಗುವನ್ನು ಎಲ್ಲರ ಎದುರು ಕೇಳಬೇಡಿ, ತರಗತಿ ಮುಗಿದ ಮೇಲೆ ಒಂದು ಬದಿಗೆ ಕರೆದು ಮನೆಯ ವಿಚಾರ ಕೇಳಿ. ಶಾಲೆಗೆ ಬರುವ ತಂದೆತಾಯಿ ಕೂಲಿಯವರಿರಲಿ, ಮೀನಿನವರಿರಲಿ, ಡಾಕ್ಟರಿರಲಿ, ಮೊದಲು ಕುರ್ಚಿ ಕೊಟ್ಟು ಒಂದು ಲೋಟ ನೀರು ಕೊಡಿ. ಬೆಲ್ಲ ಇಲ್ಲದಿದ್ದರೂ ಅಡ್ಡಿಯಿಲ್ಲ. ಇದನ್ನು ಮಕ್ಕಳು ದಿನವೂ ನೋಡುತ್ತಾರೆ. ನೋಡಿದ್ದನ್ನು ಬಸ್ಸಿನಲ್ಲಿಯೂ ಮನೆಯಲ್ಲಿಯೂ ಮಾಡುತ್ತಾರೆ.

ಈ ಸಂಚಿಕೆ ಅಚ್ಚಾಗಿ ಬಂದ ಮೇಲೆ ಒಂದು ಪ್ರತಿಯನ್ನು ತೆಗೆದುಕೊಂಡು ನಾನು ಒಂದು ಮನೆಗೆ ಹೋಗಬೇಕೆಂದಿದ್ದೇನೆ. ಬಂದರಿನ ಕಡೆ, ಅಂಗಳದಲ್ಲಿ ಈಗಲೂ ಮೀನು ಒಣಗಿಸುವ ಮನೆ. ಇಷ್ಟು ವರ್ಷ ಹೇಳದೆ ಉಳಿದದ್ದನ್ನು ಇಲ್ಲಿ ಅಚ್ಚಿನಲ್ಲಿ ಹೇಳಿದ್ದೇನೆ. ಆದರೆ ಅಚ್ಚಿನಲ್ಲಿ ಹೇಳುವುದ��ಿಂದ ಅದು ಮುಗಿಯುವುದಿಲ್ಲ, ಎದುರು ನಿಂತು ಹೇಳಬೇಕು. ಅಲ್ಲಿ ಅವರು ಕುಳಿತುಕೊಳ್ಳುವ ತನಕ ನಾನು ಕುಳಿತುಕೊಳ್ಳುವುದಿಲ್ಲ.